ಲೈನ್ ರಿಪ್ಲೇಸಬಲ್ ಯೂನಿಟ್

ಲೈನ್ ರಿಪ್ಲೇಸಬಲ್ ಯೂನಿಟ್, ಸಂಕ್ಷೇಪವಾಗಿ ಎಲ್‌ಆರ್‌ಯು, ಎಂಬುದು ವಿಮಾನವು ನಿಂತ ಸ್ಥಳದಲ್ಲಿಯೇ ಕಳಚಿ ತೆಗೆದು, ಅದೇ ಬಗೆಯ ಮತ್ತೊಂದನ್ನು ಅಲ್ಪಾವಧಿಯಲ್ಲಿ ಜೋಡಿಸಲು ಅನುಕೂಲವಾಗುವಂತೆ ರೂಪಿಸಿದ ಸ್ವಯಂಪೂರ್ಣ ಉಪಕರಣ ಘಟಕ. ರೇಡಿಯೋ, ಹಾರಾಟ ನಿಯಂತ್ರಣ ಕಂಪ್ಯೂಟರ್, ಕಾಕ್‌ಪಿಟ್‌ನ ಪ್ರದರ್ಶನ ಪರದೆ, ಇಂಧನ ಪಂಪು, ವಿದ್ಯುತ್ ಜನರೇಟರ್, ಗಾಳಿಯ ದಿಕ್ಕನ್ನು ಅಳೆಯುವ ಸಂವೇದಕ ಮೊದಲಾದವು ಇದಕ್ಕೆ ಉದಾಹರಣೆಗಳು. ಘಟಕವು ಕೆಟ್ಟಾಗ ವಿಮಾನದಲ್ಲಿಯೇ ಅದನ್ನು ಬಿಚ್ಚಿ ದುರಸ್ತಿ ಮಾಡುವುದಿಲ್ಲ. ಇಡೀ ಘಟಕವನ್ನು ಬದಲಾಯಿಸಿ, ಕೆಟ್ಟದ್ದನ್ನು ಕಾರ್ಯಾಗಾರಕ್ಕೆ ಕಳುಹಿಸಲಾಗುತ್ತದೆ. ಇದರಿಂದ ವಿಮಾನವು ಬೇಗನೆ ಹಾರಾಟಕ್ಕೆ ಮರಳುತ್ತದೆ. ಆದರೆ ದುರಸ್ತಿಯ ಹೊಣೆ ವಿಮಾನದ ಬಳಿಯಿಂದ ದೂರದ ಕಾರ್ಯಾಗಾರಕ್ಕೆ ವರ್ಗವಾಗುತ್ತದೆ. ಆ ಕಾರ್ಯಾಗಾರದ ಗುಣಮಟ್ಟ ಹೇಗಿದೆ, ಅದು ಯಾವ ದೇಶದಲ್ಲಿದೆ ಎಂಬ ಸಂಗತಿಗಳು ವಿಮಾನದ ಸುರಕ್ಷತೆ ಮತ್ತು ಲಭ್ಯತೆಯನ್ನು ನಿರ್ಧರಿಸುತ್ತವೆ.

ಹೆಸರು ಮತ್ತು ಅರ್ಥ

ಇಲ್ಲಿ 'ಲೈನ್' ಎಂದರೆ ಹಾರಾಟಕ್ಕೆ ಸಿದ್ಧವಾದ ವಿಮಾನಗಳು ಸಾಲಾಗಿ ನಿಲ್ಲುವ ತಾಣ. ಆ ತಾಣದಲ್ಲಿ, ಸಾಮಾನ್ಯ ಉಪಕರಣಗಳ ನೆರವಿನಿಂದ, ಬದಲಾಯಿಸಲು ಸಾಧ್ಯವಾದ ಘಟಕವೆಂಬುದು ಹೆಸರಿನ ಅರ್ಥ. ಕೊಳವೆಬಾವಿಯ ಪಂಪ್‌ಸೆಟ್ಟಿನ ಸ್ಟಾರ್ಟರ್ ಕೆಟ್ಟಾಗ ಅದರೊಳಗಿನ ಸುರುಳಿಯನ್ನು ಹೊಲದಲ್ಲಿಯೇ ಸುತ್ತುತ್ತ ಕೂರದೆ, ಇನ್ನೊಂದು ಸ್ಟಾರ್ಟರನ್ನು ಜೋಡಿಸಿ ನೀರು ಹಾಯಿಸಿ, ಹಳೆಯದನ್ನು ರಿಪೇರಿ ಅಂಗಡಿಗೆ ಒಯ್ಯುವ ಪದ್ಧತಿಯನ್ನು ಇದಕ್ಕೆ ಹೋಲಿಸಬಹುದು. ಎಲ್‌ಆರ್‌ಯು ವಿದ್ಯುನ್ಮಾನ ಪೆಟ್ಟಿಗೆಯೇ ಆಗಿರಬೇಕೆಂಬ ನಿಯಮವಿಲ್ಲ. ಯಾಂತ್ರಿಕ, ಹೈಡ್ರಾಲಿಕ್ ಮತ್ತು ವಿದ್ಯುತ್ ಉಪಕರಣಗಳೂ ಈ ವರ್ಗಕ್ಕೆ ಸೇರುತ್ತವೆ. ಆಡುಮಾತಿನಲ್ಲಿ ತಂತ್ರಜ್ಞರು ಇವನ್ನು 'ಬಾಕ್ಸ್' ಎಂದು ಕರೆಯುವುದುಂಟು.

ಹಿನ್ನೆಲೆ

ಆರಂಭಕಾಲದ ವಿಮಾನಗಳಲ್ಲಿ ಉಪಕರಣಗಳು ಕೆಲವೇ ಇದ್ದವು. ಅವುಗಳನ್ನು ಆಯಾ ವಿಮಾನಕ್ಕೆ ಹೊಂದುವಂತೆ ಕೂರಿಸಲಾಗುತ್ತಿತ್ತು. ರೇಡಿಯೋ ಮತ್ತು ದಿಕ್ಸೂಚನಾ ಸಾಧನಗಳು ಹೆಚ್ಚಿದಂತೆ, ಒಬ್ಬ ತಯಾರಕನ ಪೆಟ್ಟಿಗೆ ಇನ್ನೊಬ್ಬನ ಚೌಕಟ್ಟಿನಲ್ಲಿ ಕೂರದಿರುವುದು ದೊಡ್ಡ ತೊಡಕಾಯಿತು. ವಿಮಾನಯಾನ ಸಂಸ್ಥೆಗಳ ರೇಡಿಯೋ ಸಂಪರ್ಕದ ಸಲುವಾಗಿ 1929ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಏರೋನಾಟಿಕಲ್ ರೇಡಿಯೋ ಇನ್‌ಕಾರ್ಪೊರೇಟೆಡ್, ಅಂದರೆ ಅರಿಂಕ್, ಮುಂದೆ ಇಂತಹ ಪೆಟ್ಟಿಗೆಗಳ ಗಾತ್ರ, ಕನೆಕ್ಟರ್ ಮತ್ತು ಸಂಕೇತಗಳಿಗೆ ಸಾಮಾನ್ಯ ಮಾನಕಗಳನ್ನು ರೂಪಿಸಿತು. ಇದರ ಫಲವಾಗಿ ಒಂದೇ ಮಾನಕಕ್ಕೆ ಅನುಗುಣವಾದ ಉಪಕರಣವನ್ನು ಬೇರೆ ಬೇರೆ ತಯಾರಕರಿಂದ ಕೊಳ್ಳುವುದು ಸಾಧ್ಯವಾಯಿತು.

ಗಾತ್ರ ಮತ್ತು ಮಾನಕಗಳು

ವಿದ್ಯುನ್ಮಾನ ಎಲ್‌ಆರ್‌ಯುಗಳ ಗಾತ್ರವನ್ನು ಅರಿಂಕ್ 404 ಮಾನಕವು ಎಟಿಆರ್ ಎಂಬ ಅಳತೆಯಲ್ಲಿ ಸೂಚಿಸುತ್ತದೆ. ಒಂದು ಪೂರ್ಣ ಎಟಿಆರ್ ಪೆಟ್ಟಿಗೆಯ ಅಗಲ ಸುಮಾರು 257 ಮಿಲಿಮೀಟರ್. ಅರ್ಧ ಎಟಿಆರ್‌ನ ಅಗಲ ಸುಮಾರು 124 ಮಿಲಿಮೀಟರ್. ಎತ್ತರವು ಸುಮಾರು 194 ಮಿಲಿಮೀಟರ್ ಇರುತ್ತದೆ. ಉದ್ದದಲ್ಲಿ ಗಿಡ್ಡ ಮತ್ತು ನೀಳ ಎಂಬ ಎರಡು ಬಗೆಗಳಿವೆ. ಅನಂತರ ಬಂದ ಅರಿಂಕ್ 600 ಮಾನಕವು ಎಂಸಿಯು ಎಂಬ ಚಿಕ್ಕ ಅಳತೆಯನ್ನು ಬಳಕೆಗೆ ತಂದಿತು. ಎಂಟು ಎಂಸಿಯು ಸೇರಿದರೆ ಹೆಚ್ಚುಕಡಿಮೆ ಒಂದು ಎಟಿಆರ್ ಆಗುತ್ತದೆ. ಪೆಟ್ಟಿಗೆಯನ್ನು ತಣ್ಣಗಿರಿಸುವ ಗಾಳಿಯ ಹರಿವನ್ನೂ ಈ ಮಾನಕವು ನಿಗದಿಪಡಿಸಿದೆ.

ಹೊರಗಾತ್ರ ಹೊಂದಿದರಷ್ಟೇ ಸಾಲದು. ಪೆಟ್ಟಿಗೆಗಳು ಪರಸ್ಪರ ಮಾತನಾಡುವ ಭಾಷೆಯೂ ಹೊಂದಬೇಕು. ನಾಗರಿಕ ವಿಮಾನಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಅರಿಂಕ್ 429 ಮಾನಕದಲ್ಲಿ ಮಾಹಿತಿಯು 32 ಬಿಟ್‌ಗಳ ಪದಗಳಾಗಿ ಸಾಗುತ್ತದೆ. ಇದರ ಅಧಿಕ ವೇಗ ಸೆಕೆಂಡಿಗೆ 100 ಕಿಲೋಬಿಟ್. ಸೇನಾ ವಿಮಾನಗಳಲ್ಲಿ ಬಳಸುವ ಮಿಲ್-ಸ್ಟ್ಯಾಂಡರ್ಡ್ 1553ಬಿ ಮಾನಕದಲ್ಲಿ ವೇಗವು ಸೆಕೆಂಡಿಗೆ 1 ಮೆಗಾಬಿಟ್.

ಬದಲಾವಣೆಯ ಕ್ರಮ

ಆಧುನಿಕ ಎಲ್‌ಆರ್‌ಯುಗಳಲ್ಲಿ ಸ್ವಯಂಪರೀಕ್ಷಾ ವ್ಯವಸ್ಥೆ ಅಡಕವಾಗಿರುತ್ತದೆ. ಹಾರಾಟದ ಸಮಯದಲ್ಲಿ ದೋಷ ಕಂಡುಬಂದರೆ ಅದು ದಾಖಲಾಗುತ್ತದೆ. ವಿಮಾನ ಇಳಿದ ಬಳಿಕ ತಂತ್ರಜ್ಞರು ಆ ದಾಖಲೆಯನ್ನು ಓದಿ ಯಾವ ಘಟಕವನ್ನು ಬದಲಾಯಿಸಬೇಕೆಂದು ನಿರ್ಧರಿಸುತ್ತಾರೆ. ಬಳಿಕ ವಿದ್ಯುತ್ ಕಡಿತಗೊಳಿಸಿ, ಹಿಡಿತದ ತಿರುಪುಗಳನ್ನು ಸಡಿಲಿಸಿ, ಪೆಟ್ಟಿಗೆಯನ್ನು ಚೌಕಟ್ಟಿನಿಂದ ಹೊರಗೆಳೆಯುತ್ತಾರೆ. ಹಿಂಬದಿಯ ಕನೆಕ್ಟರ್ ತಾನಾಗಿಯೇ ಬೇರ್ಪಡುತ್ತದೆ. ಒಂದರ ಸ್ಥಾನದಲ್ಲಿ ಇನ್ನೊಂದು ಬಗೆಯ ಪೆಟ್ಟಿಗೆ ಕೂರದಂತೆ ಕನೆಕ್ಟರ್‌ಗಳಲ್ಲಿ ಗುರುತಿನ ಕಡ್ಡಿಗಳನ್ನು ಅಳವಡಿಸಿರುತ್ತಾರೆ.

ಹೊರನೋಟಕ್ಕೆ ಒಂದೇ ರೀತಿ ಕಾಣುವ ಎರಡು ಘಟಕಗಳು ಪರಸ್ಪರ ಬದಲಿಯಾಗಲು ಯೋಗ್ಯವೆಂದು ಭಾವಿಸುವಂತಿಲ್ಲ. ಭಾಗಸಂಖ್ಯೆ, ಮಾರ್ಪಾಡಿನ ಹಂತ ಮತ್ತು ಸಾಫ್ಟ್‌ವೇರಿನ ಆವೃತ್ತಿ ಆ ವಿಮಾನಕ್ಕೆ ಅನುಮೋದಿತವಾಗಿರಬೇಕು. ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಮಾನ್ಯತೆ ಪಡೆದ ಕಾರ್ಯಾಗಾರವು ದುರಸ್ತಿಯಾದ ಘಟಕದೊಂದಿಗೆ 'ಸಿಎ ಫಾರ್ಮ್ 1' ಎಂಬ ಪ್ರಮಾಣಪತ್ರವನ್ನು ನೀಡುತ್ತದೆ. ಜೋಡಣೆಯ ನಂತರ ನಿಗದಿತ ಪರೀಕ್ಷೆಯನ್ನು ನಡೆಸಿ, ಫಲಿತಾಂಶವನ್ನು ದಾಖಲಿಸಿ, ಅಧಿಕೃತ ಇಂಜಿನಿಯರ್ ಸಹಿ ಮಾಡಿದ ಮೇಲಷ್ಟೇ ವಿಮಾನವನ್ನು ಹಾರಾಟಕ್ಕೆ ಬಿಡಲಾಗುತ್ತದೆ.

ದುರಸ್ತಿಯ ಹಂತಗಳು

ನಿರ್ವಹಣೆಯನ್ನು ಸಾಮಾನ್ಯವಾಗಿ ಮೂರು ಹಂತಗಳಾಗಿ ವಿಂಗಡಿಸುತ್ತಾರೆ. ಮೊದಲನೆಯ ಹಂತದಲ್ಲಿ ವಿಮಾನದ ಬಳಿಯೇ ಎಲ್‌ಆರ್‌ಯುವನ್ನು ಬದಲಾಯಿಸುತ್ತಾರೆ. ಎರಡನೆಯ ಹಂತದಲ್ಲಿ ನೆಲೆಯ ಕಾರ್ಯಾಗಾರದಲ್ಲಿ ಪೆಟ್ಟಿಗೆಯನ್ನು ತೆರೆದು, ಪರೀಕ್ಷಾ ಯಂತ್ರದ ನೆರವಿನಿಂದ ಕೆಟ್ಟ ಸರ್ಕ್ಯೂಟ್ ಹಲಗೆಯನ್ನು ಗುರುತಿಸಿ, ಅದನ್ನು ಬದಲಾಯಿಸುತ್ತಾರೆ. ಈ ಒಳಭಾಗವನ್ನು ಶಾಪ್ ರಿಪ್ಲೇಸಬಲ್ ಯೂನಿಟ್, ಅಂದರೆ ಎಸ್‌ಆರ್‌ಯು, ಎನ್ನುತ್ತಾರೆ. ಮೂರನೆಯ ಹಂತದಲ್ಲಿ ತಯಾರಕರು ಅಥವಾ ಕೇಂದ್ರೀಯ ಡಿಪೋಗಳು ಆ ಹಲಗೆಯಲ್ಲಿನ ಬಿಡಿಭಾಗವನ್ನೇ ಸರಿಪಡಿಸುತ್ತವೆ. ಹಂತ ಏರಿದಂತೆ ಬೇಕಾಗುವ ಜ್ಞಾನ, ನಕ್ಷೆಗಳು ಮತ್ತು ಪರೀಕ್ಷಾ ಸಾಧನಗಳ ವೆಚ್ಚವೂ ಏರುತ್ತದೆ.

ಇಂಜಿನ್‌ಗಳಲ್ಲಿಯೂ ಇದೇ ತತ್ತ್ವವನ್ನು ಕಾಣಬಹುದು. ಜಾಗ್ವಾರ್ ಮತ್ತು ಹಾಕ್ ವಿಮಾನಗಳ ಅಡೂರ್ ಇಂಜಿನ್ ಹಲವು ಮಾಡ್ಯೂಲ್‌ಗಳಾಗಿ ವಿನ್ಯಾಸಗೊಂಡಿದ್ದು, ಸವೆದ ಮಾಡ್ಯೂಲನ್ನಷ್ಟೇ ಬದಲಾಯಿಸಲು ಅವಕಾಶವಿದೆ.

ಸಂಯೋಜಿತ ಮಾಡ್ಯೂಲ್‌ಗಳು

ಪ್ರತಿ ಕೆಲಸಕ್ಕೂ ಒಂದೊಂದು ಪೆಟ್ಟಿಗೆಯಿದ್ದರೆ ತೂಕ, ತಂತಿ ಮತ್ತು ವಿದ್ಯುತ್ ಬಳಕೆ ಹೆಚ್ಚುತ್ತವೆ. ಆದ್ದರಿಂದ ಅನೇಕ ಕಾರ್ಯಗಳನ್ನು ಹಂಚಿಕೆಯ ಕಂಪ್ಯೂಟರ್‌ಗಳಲ್ಲಿ ನಡೆಸುವ ಇಂಟಿಗ್ರೇಟೆಡ್ ಮಾಡ್ಯುಲರ್ ಏವಿಯಾನಿಕ್ಸ್ ಪದ್ಧತಿ ಬಂದಿತು. 1995ರಲ್ಲಿ ಸೇವೆಗೆ ಸೇರಿದ ಬೋಯಿಂಗ್ 777 ಈ ಪದ್ಧತಿಯನ್ನು ಅಳವಡಿಸಿಕೊಂಡ ಪ್ರಮುಖ ಪ್ರಯಾಣಿಕ ವಿಮಾನಗಳಲ್ಲಿ ಒಂದು. ಇಲ್ಲಿ ಪೆಟ್ಟಿಗೆಯ ಬದಲು ಅದರೊಳಗಿನ ಮಾಡ್ಯೂಲನ್ನೇ ವಿಮಾನದ ಬಳಿ ಬದಲಾಯಿಸುತ್ತಾರೆ. ಇದನ್ನು ಲೈನ್ ರಿಪ್ಲೇಸಬಲ್ ಮಾಡ್ಯೂಲ್ ಎನ್ನುತ್ತಾರೆ.

ಇತಿಮಿತಿಗಳು

ಎಲ್‌ಆರ್‌ಯು ಪದ್ಧತಿಗೆ ಬದಲಿ ಘಟಕಗಳ ದಾಸ್ತಾನು ಅತ್ಯಗತ್ಯ. ದಾಸ್ತಾನು ಕಡಿಮೆಯಾದರೆ, ನಿಂತಿರುವ ಒಂದು ವಿಮಾನದಿಂದ ಪೆಟ್ಟಿಗೆಯನ್ನು ಕಳಚಿ ಮತ್ತೊಂದಕ್ಕೆ ಜೋಡಿಸುವ ಅನಿವಾರ್ಯತೆ ಒದಗುತ್ತದೆ. ಇದರಿಂದ ಕೆಲಸ ಇಮ್ಮಡಿಯಾಗುವುದಲ್ಲದೆ, ಕಳಚುವಾಗ ಒಳ್ಳೆಯ ಘಟಕವೂ ಕೆಡುವ ಸಂಭವವಿದೆ.

ಇನ್ನೊಂದು ತೊಡಕೆಂದರೆ, ದೋಷವಿದೆಯೆಂದು ಕಳುಹಿಸಿದ ಘಟಕವು ಕಾರ್ಯಾಗಾರದ ಪರೀಕ್ಷೆಯಲ್ಲಿ ಸರಿಯಾಗಿಯೇ ಕೆಲಸ ಮಾಡುವುದು. ಹಾರಾಟದಲ್ಲಿನ ಕಂಪನ, ಶೀತ ಹಾಗೂ ಒತ್ತಡದಲ್ಲಿ ಮಾತ್ರ ಕಾಣಿಸುವ ದೋಷವು ಮೇಜಿನ ಮೇಲೆ ಮರೆಯಾಗಿರಬಹುದು. ಅಥವಾ ದೋಷವು ತಂತಿಯಲ್ಲಿದ್ದು ಪೆಟ್ಟಿಗೆ ನಿರ್ದೋಷಿಯಾಗಿರಬಹುದು. ಎರಡೂ ಸಂದರ್ಭಗಳಲ್ಲಿ ಮೂಲ ದೋಷ ಹಾಗೆಯೇ ಉಳಿಯುತ್ತದೆ.

ಅಪಘಾತಗಳಿಂದ ತಿಳಿದುಬಂದ ಅಂಶಗಳು

2014ರ ಡಿಸೆಂಬರ್ 28ರಂದು ಸುರಬಾಯದಿಂದ ಸಿಂಗಪುರಕ್ಕೆ ಹೊರಟಿದ್ದ ಇಂಡೋನೇಷ್ಯಾ ಏರ್‌ಏಷ್ಯಾದ ಏರ್‌ಬಸ್ ಎ320 ವಿಮಾನ ಸಮುದ್ರಕ್ಕೆ ಬಿದ್ದು 162 ಮಂದಿ ಮೃತಪಟ್ಟರು. ಚುಕ್ಕಾಣಿಯ ಚಲನೆಯನ್ನು ಮಿತಿಗೊಳಿಸುವ ಘಟಕದ ಸರ್ಕ್ಯೂಟ್ ಹಲಗೆಯಲ್ಲಿ ಬೆಸುಗೆಯೊಂದು ಬಿರುಕು ಬಿಟ್ಟಿದ್ದುದನ್ನು ತನಿಖಾ ವರದಿ ಗುರುತಿಸಿತು. ಅದಕ್ಕೂ ಹಿಂದಿನ 12 ತಿಂಗಳಲ್ಲಿ ಆ ವ್ಯವಸ್ಥೆಯ ದೋಷ 23 ಬಾರಿ ದಾಖಲಾಗಿತ್ತು. ಪ್ರತಿ ದೋಷವನ್ನೂ ಬಿಡಿಯಾಗಿ ನೋಡಿದ್ದರಿಂದ ಅದರ ಮರುಕಳಿಕೆಗೆ ತಕ್ಕ ಪರಿಹಾರ ದೊರೆಯಲಿಲ್ಲ. ಹಾರಾಟದಲ್ಲಿ ಎಚ್ಚರಿಕೆ ಮತ್ತೆ ಮತ್ತೆ ಬಂದಾಗ ಸರ್ಕ್ಯೂಟ್ ಬ್ರೇಕರ್ ತೆಗೆದುದರಿಂದ ಆಟೋಪೈಲಟ್ ಕಳಚಿಕೊಂಡಿತು. ಅನಂತರ ವಿಮಾನವನ್ನು ಹತೋಟಿಗೆ ತರಲು ಸಿಬ್ಬಂದಿಗೆ ಸಾಧ್ಯವಾಗಲಿಲ್ಲ.

2018ರ ಅಕ್ಟೋಬರ್ 29ರಂದು ಜಕಾರ್ತಾದಿಂದ ಹೊರಟ ಲಯನ್ ಏರ್‌ನ ಬೋಯಿಂಗ್ 737 ಮ್ಯಾಕ್ಸ್ ವಿಮಾನದ ದುರಂತದಲ್ಲಿ 189 ಮಂದಿ ಮೃತಪಟ್ಟರು. ಅದರ ಹಿಂದಿನ ದಿನ ಬಾಲಿಯಲ್ಲಿ ಎಡಬದಿಯ ಗಾಳಿಕೋನ ಸಂವೇದಕವನ್ನು ಬದಲಾಯಿಸಲಾಗಿತ್ತು. ಹೊಸದಾಗಿ ಜೋಡಿಸಿದ ಸಂವೇದಕ ಹಿಂದೆ ಒಮ್ಮೆ ದುರಸ್ತಿಯಾದದ್ದು. ಅದರ ಅಳತೆ ಸುಮಾರು 21 ಡಿಗ್ರಿಗಳಷ್ಟು ತಪ್ಪಾಗಿತ್ತು. ಜೋಡಣೆಯ ನಂತರದ ಪರೀಕ್ಷೆಯ ಫಲಿತಾಂಶವೂ ದಾಖಲಾಗಿರಲಿಲ್ಲ. ಒಂದೇ ಸಂವೇದಕವನ್ನು ನೆಚ್ಚಿ ವಿಮಾನದ ಮೂತಿಯನ್ನು ಕೆಳಕ್ಕೆ ತಳ್ಳುವಂತೆ ರೂಪಿಸಿದ್ದ ಎಂಕ್ಯಾಸ್ ಎಂಬ ನಿಯಂತ್ರಣ ವ್ಯವಸ್ಥೆಯ ವಿನ್ಯಾಸವನ್ನೂ ತನಿಖೆ ಕಾರಣಗಳಲ್ಲಿ ಒಂದಾಗಿ ಹೆಸರಿಸಿತು. ಬದಲಾಯಿಸುವುದು ಸುಲಭವಾದಷ್ಟಕ್ಕೆ ಬದಲಾವಣೆ ಸರಿಯಾಯಿತೆಂಬ ಖಾತರಿ ದೊರೆಯುವುದಿಲ್ಲವೆಂಬುದಕ್ಕೆ ಈ ಪ್ರಕರಣವನ್ನು ಉದಾಹರಿಸಬಹುದು.

ಕರ್ನಾಟಕ ಮತ್ತು ಕಾಸರಗೋಡಿನಲ್ಲಿ

ಭಾರತದಲ್ಲಿ ಎಲ್‌ಆರ್‌ಯುಗಳ ವಿನ್ಯಾಸ, ತಯಾರಿಕೆ ಮತ್ತು ದುರಸ್ತಿಯ ಮುಖ್ಯ ಕೇಂದ್ರಗಳಲ್ಲಿ ಬೆಂಗಳೂರು ಒಂದು. 1940ರಲ್ಲಿ ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಆರಂಭವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1964ರಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್, ಅಂದರೆ ಎಚ್‌ಎಎಲ್, ಆಯಿತು. ಪರವಾನಗಿಯ ಮೇರೆಗೆ ವಿದೇಶಿ ವಿಮಾನಗಳನ್ನು ತಯಾರಿಸುವಾಗ ಉಪಕರಣಗಳಿಗಾಗಿ ಮೂಲ ತಯಾರಕರನ್ನೇ ಬಹುಮಟ್ಟಿಗೆ ಅವಲಂಬಿಸಬೇಕಾಗುತ್ತಿತ್ತು. ಈ ಅವಲಂಬನೆಯನ್ನು ತಗ್ಗಿಸುವ ಕೆಲಸದಲ್ಲಿ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ಬೆಂಗಳೂರಿನ ಪ್ರಯೋಗಾಲಯಗಳು ತೊಡಗಿದವು. ಸುಖೋಯ್-30 ಎಂಕೆಐ ವಿಮಾನದ ಮಿಷನ್ ಕಂಪ್ಯೂಟರನ್ನು ಡಿಫೆನ್ಸ್ ಏವಿಯಾನಿಕ್ಸ್ ರಿಸರ್ಚ್ ಎಸ್ಟಾಬ್ಲಿಷ್‌ಮೆಂಟ್ ಅಭಿವೃದ್ಧಿಪಡಿಸಿತು.

2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಹಾರಿದ ತೇಜಸ್ ಯುದ್ಧವಿಮಾನವು ನಾಲ್ಕು ಸಮಾನಾಂತರ ಮಾರ್ಗಗಳುಳ್ಳ ವಿದ್ಯುನ್ಮಾನ ಹಾರಾಟ ನಿಯಂತ್ರಣವನ್ನು ಹೊಂದಿದೆ. ಅದರ ಡಿಜಿಟಲ್ ಹಾರಾಟ ನಿಯಂತ್ರಣ ಕಂಪ್ಯೂಟರ್ ಬೆಂಗಳೂರಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್ ರೂಪಿಸಿದ ಘಟಕ. ತೇಜಸ್ ಮಾರ್ಕ್ 1ಎ ಆವೃತ್ತಿಯ ಈ ಕಂಪ್ಯೂಟರನ್ನು 2024ರ ಫೆಬ್ರವರಿ 19ರಂದು ಒಂದು ಪರೀಕ್ಷಾ ವಿಮಾನದಲ್ಲಿ ಹಾರಿಸಲಾಯಿತು. ನಿರ್ವಹಣೆಯನ್ನು ಸುಲಭಗೊಳಿಸುವುದು ಮಾರ್ಕ್ 1ಎ ಆವೃತ್ತಿಯ ಗುರಿಗಳಲ್ಲಿ ಒಂದು.

ಕನ್ನಡಿಗರು ಗಣನೀಯ ಸಂಖ್ಯೆಯಲ್ಲಿರುವ ಕಾಸರಗೋಡು ಜಿಲ್ಲೆಯ ಸೀತಾಂಗೋಳಿಯಲ್ಲಿ 2012ರಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಕಾರ್ಖಾನೆಯು ವಿಮಾನಗಳಲ್ಲಿ ಬಳಸುವ ಕಂಪ್ಯೂಟರ್‌ಗಳನ್ನು ತಯಾರಿಸುತ್ತದೆ. ದಾವಣಗೆರೆ ಜಿಲ್ಲೆಯ ಜಗಳೂರಿಗೆ ಸಮೀಪದ ಚಳ್ಳಕೆರೆ ತಾಲ್ಲೂಕಿನಲ್ಲಿ 2017ರ ಮೇ 28ರಂದು ಉದ್ಘಾಟನೆಯಾದ ವೈಮಾನಿಕ ಪರೀಕ್ಷಾ ಕೇಂದ್ರದಲ್ಲಿ ಮಾನವರಹಿತ ವಿಮಾನಗಳ ಪರೀಕ್ಷೆ ನಡೆಯುತ್ತದೆ. ರುಸ್ತುಂ-2 ವಿಮಾನ 2016ರ ನವೆಂಬರ್‌ನಲ್ಲಿ ಮೊದಲು ಹಾರಿದ್ದು ಇಲ್ಲಿಂದಲೇ. ಇಂತಹ ವಿಮಾನಗಳಲ್ಲಿ ಕ್ಯಾಮೆರಾ, ರೇಡಾರ್ ಮೊದಲಾದ ಉಪಕರಣಗಳನ್ನು ಕಾರ್ಯಕ್ಕೆ ತಕ್ಕಂತೆ ಬದಲಾಯಿಸುವಲ್ಲಿಯೂ ಮಾಡ್ಯೂಲ್ ತತ್ತ್ವವೇ ಬಳಕೆಯಾಗುತ್ತದೆ.

ದೇಶೀಕರಣ

ಕೆಟ್ಟ ಪೆಟ್ಟಿಗೆಯನ್ನು ತೆರೆಯುವ ಹಕ್ಕು ಮತ್ತು ಜ್ಞಾನ ವಿದೇಶಿ ತಯಾರಕರಲ್ಲಿ ಮಾತ್ರ ಇದ್ದರೆ, ಪ್ರತಿ ದುರಸ್ತಿಗೂ ಘಟಕವು ಸಾಗರ ದಾಟಬೇಕಾಗುತ್ತದೆ. ರಾಜಕೀಯ ನಿರ್ಬಂಧ ಅಥವಾ ಯುದ್ಧದ ಸಂದರ್ಭದಲ್ಲಿ ಅದು ಮರಳಿ ಬರುವ ಭರವಸೆ ಇರುವುದಿಲ್ಲ. ಈ ಕಾರಣದಿಂದ ರಕ್ಷಣಾ ಸಚಿವಾಲಯವು ಸಾರ್ವಜನಿಕ ವಲಯದ ರಕ್ಷಣಾ ಉದ್ಯಮಗಳಿಗಾಗಿ ಎಲ್‌ಆರ್‌ಯು, ಉಪವ್ಯವಸ್ಥೆ ಮತ್ತು ಬಿಡಿಭಾಗಗಳ ದೇಶೀಕರಣ ಪಟ್ಟಿಗಳನ್ನು ಪ್ರಕಟಿಸುತ್ತಿದೆ. 2021ರ ಡಿಸೆಂಬರ್‌ನ ಮೊದಲ ಪಟ್ಟಿಯಲ್ಲಿ 2,851 ವಸ್ತುಗಳಿದ್ದವು. ಅವುಗಳಲ್ಲಿ 2,500 ಆಗಲೇ ದೇಶೀಯವಾಗಿದ್ದು, ಉಳಿದ 351ನ್ನು ಮುಂದಿನ ಮೂರು ವರ್ಷಗಳಲ್ಲಿ ದೇಶೀಯಗೊಳಿಸುವ ಗುರಿಯಿತ್ತು. 2022ರ ಮಾರ್ಚ್‌ನಲ್ಲಿ 107, ಅದೇ ವರ್ಷದ ಆಗಸ್ಟ್‌ನಲ್ಲಿ 780, 2023ರ ಮೇ ತಿಂಗಳಲ್ಲಿ 928 ಹಾಗೂ 2024ರ ಜುಲೈನಲ್ಲಿ 346 ವಸ್ತುಗಳ ಪಟ್ಟಿಗಳು ಹೊರಬಂದವು. ಈ ಪಟ್ಟಿಗಳು ವಿಮಾನಗಳಿಗೆ ಸೀಮಿತವಲ್ಲ. ಹಡಗು ಮತ್ತು ಭೂಸೇನೆಯ ವಾಹನಗಳ ಭಾಗಗಳೂ ಇವುಗಳಲ್ಲಿವೆ. ನಿಗದಿತ ಕಾಲಮಿತಿಯ ನಂತರ ಪಟ್ಟಿಯಲ್ಲಿನ ವಸ್ತುಗಳನ್ನು ಭಾರತೀಯ ಉದ್ಯಮಗಳಿಂದ ಮಾತ್ರ ಖರೀದಿಸಬೇಕೆಂಬುದು ನಿಯಮ.