ಕೀಲಿಗಳ ಕೂಟವೂ ಉತಾರದ ನಮೂನೆಯೂ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು—ಇವು 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರೂಪುಗೊಂಡ ಹಾವೇರಿ ಜಿಲ್ಲೆಯ ತಾಲ್ಲೂಕುಗಳು. ಇಲ್ಲಿಯ ರೈತನು ಸಾಲಕ್ಕೆ ಹೋದರೂ ಜಮೀನಿನ ವ್ಯವಹಾರಕ್ಕೆ ಹೋದರೂ ಮೊದಲು ತೋರಿಸಬೇಕಾದುದು ಹೊಲದ ಉತಾರ, ಎಂದರೆ ಪಹಣಿಪತ್ರ. ಗ್ರಾಮಲೆಕ್ಕಿಗರು ಕೈಯಿಂದ ಬರೆಯುತ್ತಿದ್ದ ಈ ಪತ್ರಗಳು ‘ಭೂಮಿ’ ಯೋಜನೆಯಿಂದಾಗಿ ಗಣಕಯಂತ್ರವನ್ನು ಸೇರಿದವು. ಕರ್ನಾಟಕದ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು ಕೀಲಿಮಣೆಯ ಮೂಲಕವೇ ತುಂಬಬೇಕಾಯಿತು.

ಇಂತಹ ಕೆಲಸದಲ್ಲಿ ಪ್ರತಿ ದಾಖಲೆಗೂ ಒಮ್ಮೆ ಕೈಯೆತ್ತಿ ಮೌಸನ್ನು ಹಿಡಿದು ‘ಉಳಿಸು’ ಎಂಬ ಗುಂಡಿಯನ್ನು ಹುಡುಕುವುದು ಕಾಲಹರಣವೇ ಸರಿ. ಆದುದರಿಂದ ಕಂಟ್ರೋಲ್ ಕೀಲಿಯನ್ನು ಹಿಡಿದು ಎಸ್ ಕೀಲಿಯನ್ನು ಒತ್ತುವಂತಹ ಕೀಲಿಕೂಟಗಳು ಬಳಕೆಗೆ ಬಂದವು. ಈ ಕೂಟಗಳನ್ನು ಯಂತ್ರವು ಹೇಗೆ ಅರಿಯುತ್ತದೆ? ತಿಳಿವಿಗಾಗಿ ಉತಾರವನ್ನು ತುಂಬುವ ಒಂದು ನಮೂನೆಯನ್ನು ನಾವೇ ಕಲ್ಪಿಸಿಕೊಳ್ಳೋಣ. ಸರ್ವೆ ನಂಬರು, ಹಕ್ಕುದಾರರ ಹೆಸರು, ವಿಸ್ತೀರ್ಣ—ಇಷ್ಟು ಅಂಕಣಗಳು ಅದರಲ್ಲಿರಲಿ.

ಕೀಲಿಯನ್ನು ಒತ್ತಿದೊಡನೆ ಕಾರ್ಯಕ್ರಮಕ್ಕೆ ಎರಡು ಸಂಖ್ಯೆಗಳು ತಲಪುತ್ತವೆ. ವಿಷುಯಲ್ ಬೇಸಿಕ್, ಮೈಕ್ರೋಸಾಫ್ಟ್ ಆಕ್ಸೆಸ್ ಇವುಗಳಲ್ಲಿ ಮೊದಲನೆಯದು ಕೀಲಿಯ ಗುರುತು: ಎಸ್ ಕೀಲಿಗೆ 83. ಎರಡನೆಯದು ಸಹಾಯಕ ಕೀಲಿಗಳ ಮೊತ್ತ: ಷಿಫ್ಟಿಗೆ 1, ಕಂಟ್ರೋಲಿಗೆ 2, ಆಲ್ಟಿಗೆ 4. ಅಂಗಡಿಯ ತಕ್ಕಡಿಯಲ್ಲಿ 1, 2, 4 ಕಿಲೋಗ್ರಾಮಿನ ಒಂದೊಂದು ಕಲ್ಲು ಮಾತ್ರ ಇದ್ದರೆ, ಒಟ್ಟು ತೂಕ 6 ಎಂದೊಡನೆ 2 ಮತ್ತು 4ರ ಕಲ್ಲುಗಳೇ ಕುಳಿತಿವೆಯೆಂದು ನಿಶ್ಚಯವಾಗಿ ಹೇಳಬಹುದು. ಇಲ್ಲಿಯೂ ಹಾಗೆಯೇ. ಗುರುತು 83, ಮೊತ್ತ 2 ಆದರೆ ‘ಉಳಿಸು’ ಎಂದರ್ಥ.

ಈ ಸುದ್ದಿ ಸಾಮಾನ್ಯವಾಗಿ ನಾವು ಬರೆಯುತ್ತಿರುವ ಅಂಕಣಕ್ಕೆ ಹೋಗುತ್ತದೆ. ಪ್ರತಿಯೊಂದು ಅಂಕಣಕ್ಕೂ ಅದೇ ಆಜ್ಞೆಯನ್ನು ಬರೆಯುವುದು ವ್ಯರ್ಥಶ್ರಮ. ನಮೂನೆಯ ‘ಕೀ ಪ್ರಿವ್ಯೂ’ ಎಂಬ ಗುಣವನ್ನು ಜಾರಿಗೊಳಿಸಿದರೆ ಸುದ್ದಿ ಮೊದಲು ನಮೂನೆಗೆ ಬರುತ್ತದೆ. ಅಲ್ಲಿಯೇ ಕೆಲಸವನ್ನು ಮುಗಿಸಿ, ಕೀಲಿಯ ಗುರುತನ್ನು ಸೊನ್ನೆಗೊಳಿಸಿದರೆ ಅಂಕಣವು ಅದೇ ಕೀಲಿಗೆ ಮತ್ತೆ ಓಗೊಡುವುದಿಲ್ಲ.

ಇಷ್ಟರಿಂದಲೇ ಕಾರ್ಯ ಪೂರ್ತಿಯಾಯಿತೆಂದು ತಿಳಿಯಬಾರದು. 40 ಗುಂಟೆಗೆ ಒಂದು ಎಕರೆಯಷ್ಟೆ. ಒಬ್ಬರು ‘3 ಎಕರೆ 45 ಗುಂಟೆ’ ಎಂದು ತಪ್ಪಾಗಿ ತುಂಬಿದರೆನ್ನೋಣ. ಅಂಕಣವನ್ನು ಬಿಟ್ಟು ಹೊರಡುವಾಗ ತಪ್ಪನ್ನು ಹಿಡಿಯುವಂತೆ ಕಾರ್ಯಕ್ರಮವನ್ನು ರಚಿಸಿದೆ. ಮೌಸಿನಿಂದ ಗುಂಡಿಯನ್ನು ಒತ್ತಿದಾಗ ಅಂಕಣವನ್ನು ಬಿಡಲೇಬೇಕು, ತಪ್ಪು ಸಿಕ್ಕಿಬೀಳುತ್ತದೆ. ಕೀಲಿಕೂಟವನ್ನು ಒತ್ತಿದಾಗಲಾದರೋ ನಾವು ಅದೇ ಅಂಕಣದಲ್ಲಿ ಉಳಿದಿರುತ್ತೇವೆ! ವಿಷುಯಲ್ ಬೇಸಿಕ್ಕಿನಲ್ಲಿ ಆಗ ಪರೀಕ್ಷೆಯೇ ನಡೆಯದೆ ತಪ್ಪು ವಿಸ್ತೀರ್ಣವು ದಾಖಲೆಯೊಳಗೆ ಸೇರಿಬಿಡಬಹುದು. ಅದರ ಪರಿಣಾಮವನ್ನು ಅನುಭವಿಸಬೇಕಾದವನು ರೈತ. ಆದುದರಿಂದ ಪರೀಕ್ಷೆ, ಉಳಿಸುವಿಕೆ ಎರಡನ್ನೂ ಒಂದೇ ವಿಧಿಯಲ್ಲಿ ಕೂಡಿಸಿಟ್ಟು, ಗುಂಡಿಯೂ ಕೀಲಿಕೂಟವೂ ಅದನ್ನೇ ಕರೆಯುವಂತೆ ಮಾಡತಕ್ಕದ್ದು.

ಮತ್ತೊಂದು ಅಪಾಯ ಪುನರಾವರ್ತನೆಯದು. ಒತ್ತಿ ಹಿಡಿದ ಕೀಲಿಯು ಬಿಡುವವರೆಗೂ ಅದೇ ಸುದ್ದಿಯನ್ನು ಮತ್ತೆ ಮತ್ತೆ ಕಳುಹಿಸುತ್ತದೆ. ‘ಹೊಸ ದಾಖಲೆ’ ಎಂಬ ಆಜ್ಞೆಯ ಮೇಲೆ ಬೆರಳು ತಡೆದು ನಿಂತರೆ ಖಾಲಿ ಹಾಳೆಗಳ ಸಾಲೇ ಹುಟ್ಟಬಹುದು. ಮೊದಲ ಸುದ್ದಿಯನ್ನು ಮಾತ್ರ ಸ್ವೀಕರಿಸಿ, ಕೀಲಿ ಮೇಲೇಳುವ ತನಕ ಉಳಿದವನ್ನು ತಳ್ಳಿಹಾಕಬೇಕು.

ಕನ್ನಡದ ಬರವಣಿಗೆಯಲ್ಲಿ ಇನ್ನಷ್ಟು ಎಚ್ಚರ ಬೇಕು. ಕೆ. ಪಿ. ರಾವ್ ಅವರ ವಿನ್ಯಾಸದಲ್ಲಿ ಎಸ್ ಕೀಲಿಯಿಂದ ‘ಸ’ ಮೂಡುತ್ತದೆ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಅದೇ ಕೀಲಿಯಿಂದ ಏಕಾರದ ಚಿಹ್ನೆ. ಆದ್ದರಿಂದ ಮೂಡುವ ಅಕ್ಷರವನ್ನು ನಂಬದೆ ಕೀಲಿಯ ಗುರುತನ್ನೇ ಪರೀಕ್ಷಿಸುವುದು ಲೇಸು. ರಾವ್ ಅವರ ವಿನ್ಯಾಸದಲ್ಲಿ ಷಿಫ್ಟಿನೊಡನೆ ಕೆ ಕೀಲಿಯನ್ನು ಒತ್ತಿದರೆ ‘ಖ’ ಬರುತ್ತದೆ. ಆ ಕೂಟವನ್ನು ಆಜ್ಞೆಗೆ ಕೊಟ್ಟರೆ ಖಾದರ ಎಂಬ ಹೆಸರನ್ನು ಬರೆಯುವುದೇ ಅಸಾಧ್ಯವಾದೀತು. ವಿಂಡೋಸಿನ ಭಾರತೀಯ ಇಂಗ್ಲಿಷ್ ವಿನ್ಯಾಸದಲ್ಲಿ ಕಂಟ್ರೋಲ್, ಆಲ್ಟ್, 4 ಈ ಕೂಟವು ₹ ಚಿಹ್ನೆಗೆ ಮೀಸಲು. ಹೀಗಿರುವಾಗ ಕಂಟ್ರೋಲ್ ಒತ್ತಿದೆಯೇ ಎಂದಷ್ಟೆ ನೋಡದೆ, ಮೊತ್ತವು ಸರಿಯಾಗಿ 2 ಇದೆಯೇ ಎಂದು ನೋಡಬೇಕು.

ಬೆರಳಿನ ಒಂದು ಚಲನೆಯನ್ನು ಉಳಿಸುವುದು ಸಣ್ಣ ಸೌಕರ್ಯವೆಂದು ತೋರಬಹುದು. ಆದರೆ ಆ ಅಡ್ಡದಾರಿಯಲ್ಲಿಯೂ ಕಾವಲಿರಬೇಕು. ಹೆದ್ದಾರಿಯಲ್ಲಿ ನಡೆಯುವ ತಪಾಸಣೆ ಅಲ್ಲಿಯೂ ನಡೆದಾಗಲೇ ದಾಖಲೆಯು ನಂಬಿಕೆಗೆ ಅರ್ಹವಾಗುತ್ತದೆ.