ಬರೆದ ಕ್ರಿಯಾಪದ, ನುಡಿದ ಕ್ರಿಯಾಪದ

ಶೃಂಗೇರಿ ತಾಲ್ಲೂಕಿನ ನೆಮ್ಮಾರ್ ಎಂಬ ಊರಿನ ಹೆಸರನ್ನು ಬಿಡಿಸಿ ನುಡಿದರೆ ‘ನೆಮ್-ಮಾರ್’ ಎಂದು ಎರಡೇ ಉಚ್ಚಾರಾಂಶ. ‘ನೆಮ್ಮಾರಿಗೆ’ ಎಂದೊಡನೆ ಆ ರಕಾರವು ಹಿಂದಿನ ಸ್ವರವನ್ನು ಬಿಟ್ಟು ಮುಂದಿನದನ್ನು ಕೂಡುತ್ತದೆ: ನೆಮ್-ಮಾ-ರಿ-ಗೆ. ಎರಡು ಸ್ವರಗಳ ನಡುವಣ ಒಂಟಿ ವ್ಯಂಜನ ಮುಂದಿನ ಸ್ವರಕ್ಕೇ ಸಲ್ಲುವುದು ಕನ್ನಡದ ನಡೆ. ಫ್ರೆಂಚ್ ಭಾಷೆಯ ನಡೆಯೂ ಅದೇ.

ಫ್ರೆಂಚಿನಲ್ಲಿ ‘ಪಾರ್ಲೆ’ ಎಂದರೆ ಮಾತಾಡುವುದು. ನಾನು, ನೀನು, ಅವನು, ಅವರು ಈ ನಾಲ್ಕು ಕರ್ತೃಗಳಿಗೂ ವರ್ತಮಾನದಲ್ಲಿ ಕಿವಿಗೆ ಬೀಳುವುದು ‘ಪಾರ್ಲ್’ ಎಂಬ ಒಂದೇ ರೂಪ. ಬರಹದಲ್ಲಿ ಮಾತ್ರ ಮೂರು ಬಗೆ. ‘ಅವರು’ ಎಂಬುದಕ್ಕೆ ಸಲ್ಲುವ ರೂಪದ ಕೊನೆಯ ಮೂರು ಅಕ್ಷರಗಳು ಮೂಕ. ಹಾಗಾದರೆ ಅವು ವ್ಯರ್ಥವೆ? ಅಲ್ಲ. ‘ಪ್ರೀತಿಸು’ ಎಂಬರ್ಥದ ಕ್ರಿಯಾಪದದಲ್ಲಿ ‘ಅವರು ಪ್ರೀತಿಸುತ್ತಾರೆಯೆ?’ ಎಂದು ತಿರುಗಿಸಿ ಕೇಳಿದರೆ ‘ಎಮ್-ತಿಲ್’ ಎಂದಾಗುತ್ತದೆ. ಅಡಗಿದ್ದ ತಕಾರ ಮುಂದಿನ ಸ್ವರವನ್ನು ಕಂಡು ದನಿಗೊಡುತ್ತದೆ. ಏಕವಚನದ ಕ್ರಿಯಾರೂಪದಲ್ಲಿ ಆ ತಕಾರವಿಲ್ಲ. ನಮ್ಮ ‘ಮನೆಯನ್ನು’ ಎಂಬಲ್ಲಿ ಯಕಾರ ಬರುವಂತೆ ಅಲ್ಲಿ ಅದನ್ನು ಆಗಮವಾಗಿ ತಂದು ನಡುವೆ ಇಡುತ್ತಾರೆ.

ನಡುವಣ ದುರ್ಬಲ ಸ್ವರದ ಗತಿಯೂ ಗಮನಾರ್ಹ. ‘ಕರೆಯುತ್ತೇವೆ’ ಎಂಬ ಅರ್ಥದ ಫ್ರೆಂಚ್ ರೂಪಕ್ಕೆ ಬರಹದಲ್ಲಿ ಮೂರು ಉಚ್ಚಾರಾಂಶ. ಮಾತಿನಲ್ಲಿ ‘ಆ-ಪ್ಲೋಂ’ ಎಂದು ಎರಡೇ. ನಮ್ಮ ‘ಮಾಡುತ್ತಾನೆ’ ಹೀಗೆಯೇ ಉಕಾರವನ್ನು ಕಳೆದುಕೊಂಡು ‘ಮಾಡ್ತಾನೆ’ ಆಗುತ್ತದೆ. ‘ಬರ್ತಾಳೆ’, ‘ಹೋಗ್ತಾರೆ’ ಇವೂ ಅದೇ ದಾರಿಯವು. ಇದು ನಾಲಗೆಯ ಸೋಮಾರಿತನವಲ್ಲ, ನಿಯಮ. ಹಳಗನ್ನಡದ ‘ಬಂದರ್’ ಮುಂದೆ ‘ಬಂದರು’ ಎಂದು ಉಕಾರವನ್ನು ಪಡೆಯಿತು. ಭಾಷೆ ಒಂದೆಡೆ ಸ್ವರವನ್ನು ಕೂಡಿಸಿತು, ಇನ್ನೊಂದೆಡೆ ಕಳೆಯಿತು.

ಆದರೂ ಮಲೆನಾಡಿನ ಮಗುವೊಂದು ‘ಮಾಡ್ತಾನೆ’ ಎಂದು ಬರೆದರೆ ಅದನ್ನು ‘ಅಶುದ್ಧ’ವೆಂದು ಕೆಂಪು ಮಸಿಯಲ್ಲಿ ಹೊಡೆದುಹಾಕುವುದುಂಟು. ಆ ಒಂದು ಮಾತಿನಿಂದ ಮಗು ತನ್ನ ಮನೆಯ ನುಡಿಯೇ ಕೀಳೆಂದು ತಿಳಿದೀತು. ಗ್ರಂಥರೂಪವನ್ನು ಕಲಿಸಬೇಕು, ನಿಜ; ಕಲಿಸುವ ಬಗೆ ಬೇರೆಯಾಗಬಹುದು. ಎರಡು ರೂಪಗಳನ್ನೂ ನುಡಿಸಿ ಮಾತ್ರೆಗಳನ್ನು ಎಣಿಸಲಿ: ‘ಮಾಡುತ್ತಾನೆ’ಗೆ ಏಳು, ‘ಮಾಡ್ತಾನೆ’ಗೆ ಐದು. ಉಳಿದೆರಡು ಮಾತ್ರೆಗಳು ಎಲ್ಲಿ ಹೋದುವೆಂದು ಮಗುವೇ ಹುಡುಕಲಿ. ಉಕಾರವನ್ನೂ ಒತ್ತನ್ನೂ ಅದು ತಾನೇ ಕಂಡುಕೊಂಡರೆ ಗ್ರಂಥರೂಪ ಮರೆಯುವುದಿಲ್ಲ, ಮನೆಮಾತಿಗೆ ನಾಚಬೇಕಾಗಿಯೂ ಇಲ್ಲ.