ಕಡಲಿನ ಮಟ್ಟವನ್ನು ಅಳೆಯುವುದೆಂತು?

ಹರಪನಹಳ್ಳಿ ಸೀಮೆಯ ಅರಸೀಕೆರೆಯಂತಹ ಒಳನಾಡಿನ ಊರುಗಳಲ್ಲಿ ಕೆರೆಯ ನೀರು ಏರಿತೋ ಇಳಿಯಿತೋ ಎಂಬುದನ್ನು ತೂಬಿನ ಕಲ್ಲನ್ನು ನೋಡಿಯೇ ನಾವು ಹೇಳಬಲ್ಲೆವು. ಕಡಲಿನ ವಿಷಯ ಹಾಗಲ್ಲ. ಅಲೆ, ಗಾಳಿ, ಉಬ್ಬರವಿಳಿತಗಳು ಅದನ್ನು ಎಡೆಬಿಡದೆ ಕಲಕುತ್ತವೆ. ಅಳತೆಗೋಲು ನೆಟ್ಟ ನೆಲವೇ ಕೆಲವೆಡೆ ಕುಸಿಯುತ್ತದೆ, ಕೆಲವೆಡೆ ಏಳುತ್ತದೆ! ಆದುದರಿಂದ ಒಂದೇ ಬಂದರಿನ ಲೆಕ್ಕ ಸಾಲದು. ನಾನಾ ದೇಶಗಳ ಲೆಕ್ಕಗಳನ್ನು ಒಂದೆಡೆ ಕೂಡಿಸುವ ಕಾರ್ಯ 1933ರಿಂದಲೂ ನಡೆದಿದೆ. 2013ರಲ್ಲಿ ಭಾರತ ಮತ್ತು ಫ್ರಾನ್ಸ್ ಜೊತೆಗೂಡಿ ಶ್ರೀಹರಿಕೋಟೆಯಿಂದ ಹಾರಿಸಿದ ‘ಸರಳ್’ ಉಪಗ್ರಹವು ರೇಡಾರ್ ಅಲೆಗಳನ್ನು ಕಡಲಿಗೆ ಕಳುಹಿಸಿ, ಅವು ಮರಳಿ ಬರುವ ಹೊತ್ತಿನಿಂದ ಮಟ್ಟವನ್ನು ಕಂಡುಹಿಡಿಯಿತು.

1901ರಿಂದ 2018ರ ವರೆಗೆ ಪ್ರಪಂಚದ ಕಡಲು ಸರಾಸರಿ 20 ಸೆಂಟಿಮೀಟರುಗಳಷ್ಟು ಏರಿತು. ಕಾದ ನೀರು ಹಿಗ್ಗಿದ್ದು, ನೆಲದ ಮೇಲಿನ ಹಿಮ ಕರಗಿದ್ದು ಇದಕ್ಕೆ ಮುಖ್ಯ ಕಾರಣಗಳು. ಗೇಣುದ್ದವೂ ಇಲ್ಲವಲ್ಲ ಎನ್ನಬಹುದು. ಆದರೆ ಮಳೆಗಾಲದ ಅಲೆ ಈ ಏರಿಕೆಯ ಮೇಲೇರಿ ಬರುತ್ತದೆ.

ಮಂಗಳೂರಿನ ಬಳಿಯ ಉಳ್ಳಾಲದಲ್ಲಿ ಅಲೆಗಳು ಮನೆಗಳನ್ನೇ ಕೊಂಡೊಯ್ದಿವೆ. ತಪ್ಪೆಲ್ಲ ಏರುವ ಕಡಲಿನದೇ ಅಲ್ಲ. ಅಳಿವೆಯ ಅಲೆತಡೆಗಳೂ ಮರಳಿನ ಹಾದಿಯನ್ನು ಕೆಡಿಸಿವೆ. ದಡದ ಕಲ್ಲುಗೋಡೆಗೆ ಬಡಿದ ಅಲೆ ಅದರ ಬುಡದ ಮರಳನ್ನೇ ಸೆಳೆದೊಯ್ಯುತ್ತದೆ. ಆದಕಾರಣ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಅಲ್ಲಿ ನೀರೊಳಗೆ ದಿಬ್ಬಗಳನ್ನು ನಿರ್ಮಿಸಿ, ಅಲೆಯನ್ನು ದೂರದಲ್ಲಿಯೇ ಮುರಿಯುವ ಏರ್ಪಾಡು ಮಾಡಲಾಯಿತು. ನೀರು ಏರಿದಷ್ಟೂ ದಿಬ್ಬದ ನೆತ್ತಿ ಆಳಕ್ಕಿಳಿದು, ಹೆಚ್ಚು ಅಲೆ ದಾಟಿಬರುತ್ತದೆ. ದಿಬ್ಬದ ಎತ್ತರವನ್ನು ಗೊತ್ತುಮಾಡುವ ಇಂಜಿನಿಯರನಿಗೆ ಬೇಕಾದುದು ಆ ಮಿಲಿಮೀಟರುಗಳ ಲೆಕ್ಕವೇ.